ಹೃದಯಸ್ನಾಯುವಿನ ಗೂಢವ್ಯಾಧಿಯೂ ಚಿತ್ರಪರೀಕ್ಷೆಯೂ
(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ನಲವತ್ತು ವರ್ಷದ ದೃಢಕಾಯನೊಬ್ಬನಿಗೆ ಒಮ್ಮೆಲೇ ಕಣ್ಣು ಕತ್ತಲಿಟ್ಟು, ನಾಡಿಯು ನಿಮಿಷಕ್ಕೆ 35ಕ್ಕೆ ಇಳಿದರೆ, ವೈದ್ಯರು ಪೇಸ್‌ಮೇಕರ್ ಯಂತ್ರವನ್ನಿಟ್ಟು ಪ್ರಾಣವನ್ನುಳಿಸುವರು. ಇದು ಯುಕ್ತವೇ ಸರಿ. ಆದರೆ ನಾಡಿಯು ಕುಂದಿದುದೇಕೆಂದು ವಿಚಾರಿಸದಿದ್ದರೆ ಒಳಗಿನ ಉರಿಯು ಹಾಗೆಯೇ ಉಳಿಯಬಹುದು. ಆ ವಿಷಯವಾಗಿ ನಾಲ್ಕು ಮಾತುಗಳನ್ನು ಅರಿಕೆ ಮಾಡುವೆನು.

ಇಂತಹ ಕಾರಣಗಳಲ್ಲಿ ಸಾರ್ಕಾಯಿಡೋಸಿಸ್ ಎಂಬುದೊಂದು. 1899ರಲ್ಲಿ ನಾರ್ವೆ ದೇಶದ ವೈದ್ಯ ಸೀಸರ್ ಬೋಕ್ ಎಂಬವರು ಚರ್ಮದ ಗಂಟುಗಳನ್ನು ವರ್ಣಿಸಿದುದರಿಂದ ಈ ಹೆಸರು ಬಂದಿತು. ದೇಹವನ್ನು ಕಾಯುವ ಕಣಗಳೇ ಗುಂಪುಗೂಡಿ ಗಂಟುಕಟ್ಟುವುವು. ಶ್ವಾಸಕೋಶದಲ್ಲಿ ಹೆಚ್ಚು, ಹೃದಯಸ್ನಾಯುವಿನಲ್ಲಿ ವಿರಳ. ನಮ್ಮ ದೇಶದಲ್ಲಿ ಇದನ್ನು ಕ್ಷಯವೆಂದು ಭ್ರಮಿಸುವುದೂ ಉಂಟು.

ಹೃದಯದ ತುಣುಕನ್ನು ತೆಗೆದು ನೋಡೋಣವೆಂದರೆ, ಗಂಟುಗಳು ಅಲ್ಲಲ್ಲಿ ಚದುರಿರುವುದರಿಂದ ಚಿಮುಟಕ್ಕೆ ರೋಗವಿಲ್ಲದ ಭಾಗವೇ ಸಿಕ್ಕಬಹುದು. ಚಿತ್ರಪರೀಕ್ಷೆಯು ನೆರವಾಗುವುದು ಇಲ್ಲಿಯೇ. ಎಂ.ಆರ್.ಐ. ಮಾಡುವಾಗ ನಾಳದಲ್ಲಿ ಕೊಟ್ಟ ಗ್ಯಾಡೊಲಿನಿಯಂ ಮದ್ದು ಗಾಯಗೊಂಡ ಭಾಗದಲ್ಲಿ ಹೆಚ್ಚು ಹೊತ್ತು ನಿಂತು ಬೆಳ್ಳಗೆ ತೋರುವುದು. ಪೆಟ್ ಎಂಬ ಇನ್ನೊಂದು ಪರೀಕ್ಷೆಯಲ್ಲಿ ಫ್ಲೋರೀನ್ 18 ಸೇರಿದ ಸಕ್ಕರೆಯನ್ನು ಕೊಡುವರು. ಅದಕ್ಕೆ ಮುನ್ನ ರೋಗಿಯು ಅನ್ನ, ರೊಟ್ಟಿ, ಬೆಲ್ಲಗಳನ್ನು ಬಿಟ್ಟು, ತುಪ್ಪ ಮೊದಲಾದ ಜಿಡ್ಡಿನ ಆಹಾರವನ್ನುಂಡು, ಅನಂತರ ಹಲವು ತಾಸು ಉಪವಾಸವಿರಬೇಕು. ಆಗ ಆರೋಗ್ಯದ ಸ್ನಾಯುವು ಕೊಬ್ಬನ್ನೇ ಬಳಸುವುದು. ಉರಿಯೂತದ ಕಣಗಳು ಮಾತ್ರ ಸಕ್ಕರೆಯನ್ನು ಹೀರಿ ಹೊಳೆಯುವುವು. ಈ ಪಥ್ಯ ತಪ್ಪಿದರೆ ಚಿತ್ರವೇ ದಾರಿ ತಪ್ಪಿಸುವುದು.

ಮೊದಲನೆಯದು ಮುಖ್ಯವಾಗಿ ಗಾಯದ ಕಲೆಯನ್ನು ತೋರಿದರೆ ಎರಡನೆಯದು ಉರಿಯನ್ನು ತೋರುವುದು. ಉರಿಯಿದ್ದಲ್ಲಿ, ಕ್ಷಯವಲ್ಲವೆಂದು ನಿಶ್ಚಯಿಸಿಕೊಂಡು, ಪ್ರೆಡ್ನಿಸೋಲೋನ್ ಮೊದಲಾದ ಔಷಧಿಗಳನ್ನು ಕೊಡುವರು; ಕೆಲವು ತಿಂಗಳ ಮೇಲೆ ಮತ್ತೆ ಪೆಟ್ ಮಾಡಿ, ಹೊಳಪು ಕುಂದಿದುದನ್ನು ನೋಡಿ ಔಷಧಿಯ ಪ್ರಮಾಣವನ್ನು ನಿರ್ಣಯಿಸುವರು. ಕಲೆಯು ಹರಡಿದ್ದರೆ ಹಠಾನ್ಮರಣದ ಭಯವುಂಟು. ಅಂಥವರಿಗೆ ಡಿಫಿಬ್ರಿಲೇಟರ್ ಯಂತ್ರವನ್ನು ಇಡಬೇಕಾಗಬಹುದು.

60 ವರ್ಷದೊಳಗಿನವರಲ್ಲಿ ಹೃದಯದ ವಿದ್ಯುನ್ಮಾರ್ಗವು ಕಾರಣ ತಿಳಿಯದೆ ತೀವ್ರವಾಗಿ ತಡೆಗೊಂಡರೆ ಈ ವ್ಯಾಧಿಯನ್ನು ಹುಡುಕಬೇಕೆಂದು 2014ರಲ್ಲಿ ಅಮೆರಿಕದ ಹಾರ್ಟ್ ರಿದಮ್ ಸೊಸೈಟಿಯ ತಜ್ಞರು ಸೂಚಿಸಿದರು. ಯಂತ್ರವನ್ನಿಡುವ ಮುನ್ನ ತೆಗೆದ ಎಂ.ಆರ್.ಐ. ಚಿತ್ರವು ಹೆಚ್ಚು ನಿರ್ಮಲವಾಗಿರುವುದು; ಪ್ರಾಣಾಪಾಯವಿದ್ದಾಗಲಾದರೋ ಯಂತ್ರಕ್ಕೆ ತಡಮಾಡಲಾಗದು.

ಆದಕಾರಣ, ಮನೆಯವರಾದವರು ನಾಡಿ ಸರಿಹೋಯಿತೆಂದು ಸುಮ್ಮನಾಗದೆ, ಇದರ ಮೂಲವೇನೆಂದು ವೈದ್ಯರನ್ನು ವಿನಯದಿಂದ ಕೇಳಬೇಕೆಂದು ವಿಜ್ಞಾಪಿಸಿ ವಿರಮಿಸುವೆನು.