ಓಡುವ ಬೆಳಕಿನ ಲೆಕ್ಕ
(ತ್ಯಾಮಗೊಂಡ್ಲಿನ ವಿಜ್ಞಾನ ವಸ್ತುಪ್ರದರ್ಶನದ ಉದ್ಘಾಟನಾ ಭಾಷಣ)



ಜಾತ್ರೆಯ ಚಪ್ಪರದಲ್ಲಿಯೂ ಗಣಪತಿಯ ಪೆಂಡಾಲಿನಲ್ಲಿಯೂ ಒಂದರ ಹಿಂದೊಂದು ಹೊತ್ತಿ ಆರುತ್ತ ಓಡುವಂತೆ ತೋರುವ ಸಾಲುದೀಪಗಳಲ್ಲಿ ಯಾವ ದೀಪವೂ ತನ್ನ ಜಾಗ ಬಿಟ್ಟು ಕದಲುವುದಿಲ್ಲ. ಒಂದು ಆರಿದ ಗಳಿಗೆಯಲ್ಲೇ ಪಕ್ಕದ್ದು ಹೊತ್ತಿದಾಗ, ಎರಡನ್ನೂ ಬೇರೆಬೇರೆಯಾಗಿ ಎಣಿಸದೆ ಒಂದೇ ಬೆಳಕು ಸರಿಯಿತೆಂದು ಗ್ರಹಿಸುವುದು ನೋಡುವವರ ಕಣ್ಣು ಮಿದುಳುಗಳ ಸ್ವಭಾವ. ತೋರಿಕೆಯ ಚಲನೆ ಎನಿಸುವ ಈ ಗ್ರಹಿಕೆಯನ್ನು ಕುರಿತು ಜರ್ಮನಿಯ ಮನೋವಿಜ್ಞಾನಿ ಮ್ಯಾಕ್ಸ್ ವರ್ತೈಮರ್ 1912ರಲ್ಲಿಯೇ ಅಧ್ಯಯನ ಪ್ರಕಟಿಸಿದರು. ಕಣ್ಣನ್ನು ಹೀಗೆ ನಂಬಿಸಬೇಕಾದರೆ ದೀಪಗಳನ್ನು ಸರಿಯಾದ ಕ್ರಮದಲ್ಲಿ, ಸರಿಯಾದ ಹೊತ್ತಿಗೆ ಹೊತ್ತಿಸುವ ಲೆಕ್ಕಗಾರನೊಬ್ಬ ಬೇಕು. ಒಂಬತ್ತು ವೋಲ್ಟಿನ ಬ್ಯಾಟರಿಯಿಂದ ನಡೆಯುವ ಹತ್ತು ದೀಪಗಳ ಪುಟ್ಟ ಸರ್ಕ್ಯೂಟಿನಲ್ಲಿ ಆ ಲೆಕ್ಕಗಾರನ ಕೆಲಸವನ್ನು ಕಣ್ಣಾರೆ ಕಾಣಬಹುದು.

ಕರ್ನಾಟಕಕ್ಕೆ ವಿದ್ಯುದ್ದೀಪ ಹೊಸತಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನೂ 1905ರಲ್ಲಿ ಬೆಂಗಳೂರಿನ ಬೀದಿಗಳನ್ನೂ ತಲುಪಿತು; ದಸರೆಯಲ್ಲಿ ಮೈಸೂರು ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳು ಒಮ್ಮೆಗೇ ಹೊತ್ತಿ ಕಟ್ಟಡದ ಅಂಚುಗಳನ್ನೆಲ್ಲ ಬೆಳಕಿನಲ್ಲಿ ಬರೆಯುತ್ತವೆ. ಆ ವೈಭವಕ್ಕೆ ಎಣಿಕೆಯ ಹಂಗಿಲ್ಲ, ಒಂದು ಸ್ವಿಚ್ಚು ಸಾಕು. ಬೆಳಕನ್ನು ಓಡಿಸುವ ಕೆಲಸಕ್ಕೆ ಬೇರೆ ಉಪಾಯ ಬೇಕಾಗಿತ್ತು: ಐಸಿಗಳು, ಅಂದರೆ ಹಲವು ಟ್ರಾನ್ಸಿಸ್ಟರುಗಳನ್ನು ಒಂದೇ ಸಿಲಿಕಾನ್ ಚೂರಿನಲ್ಲಿ ಅಡಗಿಸಿದ ಬಿಡಿಭಾಗಗಳು, ಕೈಗೆಟುಕುವ ಮೊದಲು ಅಲಂಕಾರದವರು ಸಣ್ಣ ಮೋಟರಿನಿಂದ ತಿರುಗುವ ಉರುಳೆಗೆ ತಾಮ್ರದ ಪಟ್ಟಿಗಳನ್ನು ಹೊಡೆದು, ಅವು ಸರದಿಯಂತೆ ತಂತಿಗಳನ್ನು ಮುಟ್ಟಿ ದೀಪಗಳನ್ನು ಹೊತ್ತಿಸುವಂತೆ ಮಾಡುತ್ತಿದ್ದರು. ಕಿಡಿ ಹಾರುತ್ತಿದ್ದ, ಪಟ್ಟಿ ಸವೆಯುತ್ತಿದ್ದ ಆ ಉರುಳೆಯನ್ನು ಇಂದಿನ ಸರ್ಕ್ಯೂಟಿನ ಅಜ್ಜ ಎಂದರೆ ತಪ್ಪಾಗದು.

ಸರ್ಕ್ಯೂಟಿನಲ್ಲಿ ಮುಖ್ಯವಾದವು ಎರಡೇ ಐಸಿಗಳು. ಮೊದಲನೆಯದು, ಹಾನ್ಸ್ ಕ್ಯಾಮೆನ್‌ಜಿಂಡ್ ಅವರು 1971ರಲ್ಲಿ ವಿನ್ಯಾಸಗೊಳಿಸಿದ 555 ಟೈಮರ್. ವಿದ್ಯುದಾವೇಶವನ್ನು ತುಂಬಿಟ್ಟುಕೊಳ್ಳುವ ಕೆಪಾಸಿಟರ್, ಪ್ರವಾಹವನ್ನು ತಡೆದು ನಿಧಾನಿಸುವ ರೆಸಿಸ್ಟರುಗಳ ಮೂಲಕ ತುಂಬುತ್ತ ಬರಿದಾಗುತ್ತ ಇರುವಾಗ 555 ಆ ಏರಿಳಿತವನ್ನು ಕಾದು ನೋಡಿ, ಪ್ರತಿ ಸುತ್ತಿಗೂ ಒಂದು ಸ್ಪಂದವನ್ನು, ಎಂದರೆ ವೋಲ್ಟೇಜಿನ ಒಂದು ಚಿಕ್ಕ ಏಟನ್ನು, ಹೊರಗೆ ಕಳಿಸುತ್ತದೆ. ಹತ್ತು ಕಿಲೋಓಮ್ ಮತ್ತು 68 ಕಿಲೋಓಮಿನ ಎರಡು ರೆಸಿಸ್ಟರುಗಳ ಜೊತೆಗೆ ಒಂದು ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ಟರೆ ಸೆಕೆಂಡಿಗೆ ಸುಮಾರು ಹತ್ತು ಸ್ಪಂದಗಳು ಬರುತ್ತವೆ. ಕೆಪಾಸಿಟರನ್ನು ಹತ್ತು ಮೈಕ್ರೋಫ್ಯಾರಡ್‌ಗೆ ಏರಿಸಿದರೆ ವೇಗ ಹತ್ತನೆಯ ಒಂದಕ್ಕೆ ಇಳಿದು, ದೀಪದ ಓಟ ತೇರಿನ ನಡಿಗೆಯಾಗುತ್ತದೆ.

ಎರಡನೆಯದಾದ 4017, ದಶಕ ಎಣಿಕೆಗಾರ. ಒಂದೊಂದು ಎಲ್‌ಇಡಿ ದೀಪಕ್ಕೆ ಜೋಡಿಸಿದ ಇದರ ಹತ್ತು ಹೊರಗಾಲುಗಳಲ್ಲಿ ಯಾವಾಗಲೂ ಒಂದರಲ್ಲಿ ಮಾತ್ರ ವೋಲ್ಟೇಜ್ ಇದ್ದು, 14ನೆಯ ಕಾಲಿಗೆ 555ರ ಸ್ಪಂದ ಬಂದಾಗಲೆಲ್ಲ ಅದು ಮುಂದಿನದಕ್ಕೆ ದಾಟುತ್ತದೆ. ಒಂದು ಹೊತ್ತಿಗೆ ಒಂದೇ ಎಲ್‌ಇಡಿ ಹೊತ್ತುವುದರಿಂದ ಹತ್ತಕ್ಕೂ ಸೇರಿ ಒಂದು ಕಿಲೋಓಮಿನ ಒಂದೇ ರೆಸಿಸ್ಟರ್ ಸಾಕು ಎಂಬುದು ಈ ವಿನ್ಯಾಸದ ಜಾಣತನ. ಮೊದಲ ಸಲ ಕಟ್ಟುವವರು ಎಡವುವುದು ಕಾಲುಗಳ ಕ್ರಮದಲ್ಲಿ: ಹೊರಗಾಲುಗಳು ಅಕ್ಕಪಕ್ಕ ಸಾಲಾಗಿರದೆ 3, 2, 4, 7, 10, 1, 5, 6, 9, 11 ಎಂಬ ಸರದಿಯಲ್ಲಿ ಚದುರಿವೆ, ಅದನ್ನು ಗಮನಿಸದೆ ತಂತಿ ಜೋಡಿಸಿದರೆ ಬೆಳಕು ಓಡುವ ಬದಲು ಕುಪ್ಪಳಿಸುತ್ತದೆ. 13 ಮತ್ತು 15ನೆಯ ಕಾಲುಗಳನ್ನು ಬ್ಯಾಟರಿಯ ಋಣತುದಿಗೆ ಸೇರಿಸದೆ ಬಿಟ್ಟರೆ ಎಣಿಕೆಯೇ ಹಳಿ ತಪ್ಪುತ್ತದೆ. ಆರೇ ದೀಪ ಸಾಕೆನ್ನುವವರು, ಏಳನೆಯ ಹೊರಗಾಲಾದ 5ನ್ನು 15ಕ್ಕೆ, ಅಂದರೆ ಎಣಿಕೆಯನ್ನು ಮೊದಲಿಗೆ ಮರಳಿಸುವ ಕಾಲಿಗೆ ಕೊಟ್ಟರಾಯಿತು. ಆಗ ಆ 15ಕ್ಕೆ ಋಣತುದಿಯ ಸಂಬಂಧ ಇರಬಾರದು.

ಬಿಡಿಭಾಗಗಳೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ, ತೂತುಗಳಲ್ಲಿ ತಂತಿ ಸಿಕ್ಕಿಸುವ ಹಲಗೆಯಾದ ಬ್ರೆಡ್‌ಬೋರ್ಡಿನ ಮೇಲೆ ಜೋಡಿಸಿದರೆ ಬೆಸುಗೆಯ ಗೊಡವೆಯೂ ಇಲ್ಲ. ಅಂಗಡಿಯ ಸೀರಿಯಲ್ ಸೆಟ್ ಇದಕ್ಕಿಂತ ಅಗ್ಗವೆಂಬ ಮಾತು ದಿಟವೇ. ಆದರೆ ಅದು ಕೆಟ್ಟ ದಿನ ಬಿಚ್ಚಿ ನೋಡಲು ಹೆಚ್ಚಿನ ಮನೆಗಳಲ್ಲಿ ಯಾರಿಗೂ ಧೈರ್ಯ ಬರುವುದಿಲ್ಲ. ಮನೆಯ 230 ವೋಲ್ಟಿನ ದೀಪಗಳನ್ನು ಇದೇ ಸರ್ಕ್ಯೂಟಿಗೆ ನೇರವಾಗಿ ತಗುಲಿಸುವ ಸಾಹಸಕ್ಕೆ ಮಾತ್ರ ವಿದ್ಯಾರ್ಥಿಗಳು ಎಂದೂ ಕೈಹಾಕಬಾರದು, ಅದು ಪ್ರಾಣಕ್ಕೇ ಅಪಾಯ.

ಪ್ರದರ್ಶನ ಉದ್ಘಾಟನೆಗೊಂಡಿದೆ. ನೋಡಲು ಬಂದ ಹಿರಿಯರು ಚೆನ್ನಾಗಿದೆ ಎಂದಷ್ಟೇ ಹೇಳಿ ಮುಂದೆ ಸಾಗದೆ, ಮಾದರಿ ಕಟ್ಟಿದ ಮಕ್ಕಳಿಂದಲೇ ಒಂದು ತಂತಿಯನ್ನು ಕೀಳಿಸಿ, ಬೆಳಕು ಎಲ್ಲಿ ನಿಂತಿತು, ಏಕೆ ನಿಂತಿತು ಎಂದು ಕೇಳಬೇಕಾಗಿ ವಿನಂತಿ.