ತಾಂಬೂಲ ಕೊಡುವ ಕೈ

ಬೆಂಗಳೂರು, ಮೈಸೂರು, ಮಂಡ್ಯದ ಕಡೆ ಸಾಮಾನ್ಯವಾಗಿ ಮುಹೂರ್ತದ ಹಿಂದಿನ ಸಂಜೆಯೇ ಆರತಕ್ಷತೆ. 7 ಗಂಟೆಗೆ ವೇದಿಕೆ ಹತ್ತಿದ ಗಂಡು ಹೆಣ್ಣು 10 ಆದರೂ ಇಳಿಯುವುದಿಲ್ಲ. ಸಾಲು ಕರಗುವುದೇ ಇಲ್ಲ. ಅಕ್ಷತೆ, ಉಡುಗೊರೆ, ಒಂದು ಫೋಟೊ, ಅಷ್ಟರಲ್ಲಿ ಹಿಂದಿನವರು ಮೆಟ್ಟಿಲೇರಿರುತ್ತಾರೆ. ಊಟ ಮುಗಿಸಿದವರು ಬಾಗಿಲಲ್ಲಿ ತಾಂಬೂಲದ ಚೀಲ ಎತ್ತಿಕೊಂಡು ಹೊರಟುಬಿಡುತ್ತಾರೆ. ಯಾರು ಯಾವಾಗ ಹೋದರೆಂದು ಮದುವೆ ಮಕ್ಕಳಿಗೆ ಗೊತ್ತೇ ಆಗುವುದಿಲ್ಲ.

ಇದು ನನ್ನನ್ನು ಬಹಳ ನೋಯಿಸುತ್ತದೆ. ಬರುವವರಿಗೆ ಪನ್ನೀರು, ಹೂವು, ಕಲ್ಲುಸಕ್ಕರೆ ಹಿಡಿದು ನಿಲ್ಲುತ್ತೇವೆ. ಮದುಮಗಳನ್ನು ಕಳಿಸಿಕೊಡುವಾಗ ಮಡಿಲಕ್ಕಿ ತುಂಬಿ, ಕಣ್ಣೀರು ತುಂಬಿ, ಕಾರಿನ ಬಾಗಿಲು ಹಾಕಲೂ ಮನಸ್ಸು ಬಾರದೆ ನಿಲ್ಲುತ್ತೇವೆ. ದೂರದಿಂದ ಬಂದು ಹರಸಿದವರನ್ನು ಕಳಿಸುವ ಕೆಲಸ ಮಾತ್ರ ಮೇಜಿನ ಹಿಂದೆ ನಿಂತ ಯಾವುದೋ ಹುಡುಗನ ಪಾಲು. ಎರಡು ವೀಳ್ಯದೆಲೆ, ಅಡಿಕೆ, ಒಂದು ತೆಂಗಿನಕಾಯಿ: ಇದಕ್ಕೆ ಬೆಲೆ ಬರುವುದೇ ಕೊಡುವ ಕೈಯಿಂದ.

ಒಂದು ಮದುವೆಯಲ್ಲಿ ಕಂಡದ್ದು ಹೇಳುತ್ತೇನೆ. 9 ಗಂಟೆ ಹೊತ್ತಿಗೆ ಗಂಡು ಹೆಣ್ಣು ಇಬ್ಬರೂ ವೇದಿಕೆಯಿಂದ ಇಳಿದು ಊಟದ ಮನೆಗೆ ಬಂದರು. ಕೊನೆಯ ಪಂಕ್ತಿ ಕೂತಿತ್ತು. ಎಲೆಯಿಂದ ಎಲೆಗೆ ನಡೆದು, ‘ನಿಧಾನವಾಗಿ ಊಟ ಮಾಡಿ’ ಎಂದು ಎಲ್ಲರನ್ನೂ ಮಾತನಾಡಿಸಿದರು. ಅಡುಗೆ ಭಟ್ಟರಿಗೂ ಬಡಿಸುವವರಿಗೂ ಕೈಮುಗಿದರು. ಆಮೇಲೆ ಬಾಗಿಲಿಗೆ ಬಂದು ನಿಂತರು. ಮಂಡಿನೋವಿನಿಂದ ವೇದಿಕೆ ಹತ್ತಲಾರದೆ ಮೂಲೆಯ ಕುರ್ಚಿಯಲ್ಲೇ ಉಳಿದಿದ್ದ ಅಜ್ಜಿಯೊಬ್ಬರು ಕೋಲೂರಿಕೊಂಡು ಹೊರಟಿದ್ದರು. ಮದುಮಗಳು ತಾಂಬೂಲ ಕೊಟ್ಟು, ರೇಷ್ಮೆ ಸೀರೆ ಸಾವರಿಸಿಕೊಂಡು ಕಾಲಿಗೆ ನಮಸ್ಕರಿಸಿದಳು. ‘ಎದ್ದೇಳವ್ವ, ಸಾಯಂಕಾಲದಿಂದ ನಿಂತೇ ಇದ್ದೀಯ, ಹೊಟ್ಟೆಗೇನಾದ್ರೂ ತಿಂದ್ಯಾ?’ ಎಂದರು ಅಜ್ಜಿ. ಅಷ್ಟು ಹೊತ್ತಿನಲ್ಲಿ ಆ ಹುಡುಗಿಯನ್ನು ಹಾಗೆ ಕೇಳಿದವರು ಬೇರೆ ಯಾರಾದರೂ ಇದ್ದರೋ ಇಲ್ಲವೋ. ಅವಳ ಕಣ್ಣು ತುಂಬಿ ಬಂತು.

ಹೀಗೆ ವೇದಿಕೆಯಿಂದ ಇಳಿದು ಬಂದರೆ ಸಾಲಿನಲ್ಲಿ ಉಳಿದವರು ಬೇಸರಪಡುತ್ತಾರೆಂಬ ಅಂಜಿಕೆ ಬೇಡ. ಅವರನ್ನು ಊಟದ ಮನೆಯಲ್ಲೇ ಮಾತನಾಡಿಸಬಹುದು. ಫೋಟೊದವರಿಗೆ ಮೊದಲೇ ಒಂದು ಮಾತು ಹೇಳಿಟ್ಟರಾಯಿತು. ಬೆಳಗಿನ ಜಾವದ ಮುಹೂರ್ತವಿದ್ದರೆ ಮದುವೆ ಮಕ್ಕಳಿಗೆ ನಿದ್ದೆಯೂ ಬೇಕು, ಹಾಗಾಗಿ ಬಾಗಿಲಲ್ಲಿ ಅರ್ಧ ಗಂಟೆ ನಿಂತರೆ ಸಾಕು. ಎಲ್ಲರ ಕೈಗೂ ಕೊಡಲಾಗದಿದ್ದರೆ ವಯಸ್ಸಾದವರಿಗೆ, ದೂರದ ಊರಿಂದ ಬಂದವರಿಗೆ ಕೊಡಲಿ. ಮನೆಯ ಹಿರಿಯರು ಬಾಗಿಲ ಬಳಿ ಎರಡು ಕುರ್ಚಿ ಹಾಕಿಸುವುದನ್ನು ಮಾತ್ರ ಮರೆಯಬಾರದು. ಸಂಜೆಯಿಡೀ ನಿಂತ ಕಾಲುಗಳವು.