ಸೀಟು ಯಾರಪ್ಪನ ಭಿಕ್ಷೆಯೂ ಅಲ್ಲ

(ಎಂ.ಎ., ಎಂ.ಎಸ್ಸಿ., ಎಂ.ಕಾಂ.ಗೆ ಹೊರಟಿರುವ ಹಾಸ್ಟೆಲ್ ವಿದ್ಯಾರ್ಥಿಗಳು ಮುದ್ದೇನಹಳ್ಳಿಯಲ್ಲಿ ಸೇರಿದ್ದಾಗ ಆಡಿದ ಮಾತು)



ನಾವು ಇವತ್ತು ಇಲ್ಲಿ ಸೇರಿರುವುದು ಯಾರಿಗೂ ಹಾರ ಹಾಕೋದಕ್ಕಲ್ಲ. ನಮ್ಮ ಹುಡುಗ ಹುಡುಗಿಯರಿಗೆ ಸೀಟು ಸಿಕ್ಕಿದೆ. ಸಿಕ್ಕ ಸೀಟನ್ನು ಏನು ಮಾಡೋದು ಅಂತ ಮಾತಾಡೋದಕ್ಕೆ ಸೇರಿದ್ದೇವೆ. ಒಬ್ಬನಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲೂ ಸಿಕ್ಕಿದೆ, ಕೋಲಾರದಲ್ಲೂ ಸಿಕ್ಕಿದೆ. ಯಾವುದು ಅಂತ ತಿಳೀತಿಲ್ಲ. ಒಬ್ಬಳಿಗೆ ಬೆಂಗಳೂರಲ್ಲಿ ಸಿಕ್ಕಿದೆ, ಮನೇಲಿ ಬೇಡ ಅಂತಾರೆ. ಇನ್ನೊಬ್ಬ ಸೀಟೇ ಬೇಡ, ದೇವನಹಳ್ಳಿ ಕಡೆ ಫ್ಯಾಕ್ಟರಿಗೆ ಸೇರ್ಕೊಂತೀನಿ ಅಂತಾನೆ. ಇವರಲ್ಲಿ ಯಾರನ್ನೂ ಬೈಯೋ ಹಕ್ಕು ನಮಗಿಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನ ಬಿಸಿನೀರಿಗೆ ಬೆರಳು ಕೊಟ್ಟ ತಾಯಂದಿರ ಮಕ್ಕಳು ನಾವು. ಹಸಿದ ಹೊಟ್ಟೆಯ ಮುಂದೆ ಪುಸ್ತಕದ ಮಾತಾಡೋದು ಸುಲಭ ಅಲ್ಲ ಅಂತ ನಮಗೆ ಗೊತ್ತು.

ಆದರೂ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಸೀಟು ಯಾರಪ್ಪನ ಭಿಕ್ಷೆಯೂ ಅಲ್ಲ. ಅದು ನಮಗೆ ಬರಬೇಕಾದ ಬಾಕಿ. ಬಾಕಿ ವಸೂಲಿಗೆ ಹೋದವನು ಕೈಮುಗಿದು ನಿಲ್ಲಬೇಕಾಗಿಲ್ಲ. ಲೆಕ್ಕ ಗೊತ್ತಿದ್ದರೆ ಸಾಕು.

ಆ ಲೆಕ್ಕವನ್ನು ಈ ಮುದ್ದೇನಹಳ್ಳಿಯಿಂದಲೇ ಶುರು ಮಾಡೋಣ.

ಈ ಊರಿನ ಹೆಸರು ದೇಶಕ್ಕೆಲ್ಲ ಗೊತ್ತು. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮನೆ ಇಲ್ಲಿದೆ, ಸಮಾಧಿ ಇಲ್ಲಿದೆ. ಇಸ್ಕೂಲಿನಲ್ಲಿ ನಮಗೆಲ್ಲ ಕಲಿಸಿದ ಕತೆ ಏನು? ಬಡ ಹುಡುಗ, ಕಷ್ಟಪಟ್ಟು ಓದಿದ, ಬರೀ ಪ್ರತಿಭೆಯಿಂದ ಮೇಲೆ ಬಂದ. ಕತೆ ಸುಳ್ಳಲ್ಲ. ಆದರೆ ಒಂದು ಪುಟ ಹಾರಿಸಿ ಓದುತ್ತಾರೆ. ತಂದೆಯನ್ನು ಎಳೆವಯಸ್ಸಿನಲ್ಲೇ ಕಳೆದುಕೊಂಡ ಆ ಹುಡುಗ ಚಿಕ್ಕಬಳ್ಳಾಪುರದಲ್ಲಿ ಓದಿದ. ಬೆಂಗಳೂರಿನಲ್ಲಿ ಸೋದರಮಾವನ ಆಸರೆ ಇತ್ತು. ಮನೆಪಾಠ ಹೇಳಿ ಖರ್ಚು ನೀಗಿಸಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿ.ಎ. ಮುಗಿಸಿದ. ಮುಂದೆ ಪುಣೆಯ ವಿಜ್ಞಾನ ಕಾಲೇಜಿಗೆ ಎಂಜಿನಿಯರಿಂಗ್ ಓದೋದಕ್ಕೆ ಹೋದದ್ದು ಹೇಗೆ? ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ.

ಸರ್ಕಾರದ ದುಡ್ಡು ಅಂದರೆ ಯಾರ ದುಡ್ಡು? ಕಂದಾಯದ ದುಡ್ಡು. ಉತ್ತವರ, ಬಿತ್ತವರ, ಕೆರೆ ಏರಿಗೆ ಮಣ್ಣು ಹೊತ್ತವರ ದುಡ್ಡು. ಅವರ ಮಕ್ಕಳು ಆ ಕಾಲೇಜಿನ ಮೆಟ್ಟಿಲು ಹತ್ತುವಂತಿರಲಿಲ್ಲ. ಕೊಟ್ಟದ್ದು ತಪ್ಪು ಅಂತ ನಾವು ಹೇಳ್ತಿಲ್ಲ. ಆ ದುಡ್ಡು ದಂಡವಾಗಲಿಲ್ಲ, ಕನ್ನಂಬಾಡಿ ಕಟ್ಟೆಯ ನೀರೇ ಅದಕ್ಕೆ ಸಾಕ್ಷಿ. ನಾವು ಹೇಳೋದು ಇಷ್ಟೇ: ಪ್ರತಿಭೆಗೂ ಸ್ಕಾಲರ್‌ಶಿಪ್ಪು ಬೇಕಾಗಿತ್ತು. ಅವತ್ತು ಅದನ್ನು ಯಾರೂ ಭಿಕ್ಷೆ ಅನ್ನಲಿಲ್ಲ. ಇವತ್ತು ನಮ್ಮ ಕೈಗೆ ಬಂದಾಗ ಮಾತ್ರ ಅದಕ್ಕೆ ಆ ಹೆಸರು ಯಾಕೆ ಬರಬೇಕು?

ಲೆಕ್ಕ ಇಲ್ಲಿಗೆ ಮುಗಿಯೋದಿಲ್ಲ. ಅದೇ ವಿಶ್ವೇಶ್ವರಯ್ಯನವರು 1912ರಲ್ಲಿ ಮೈಸೂರಿನ ದಿವಾನರಾದರು. ಸರ್ಕಾರಿ ಕೆಲಸದಲ್ಲಿ ನಮಗೂ ಪಾಲು ಬೇಕು ಅಂತ ಬ್ರಾಹ್ಮಣೇತರರು ಕೇಳಿದಾಗ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ನ್ಯಾಯಮೂರ್ತಿ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿದರು. ಜಾತಿ ನೋಡಿ ಕೆಲಸ ಕೊಟ್ಟರೆ ದಕ್ಷತೆ ಕೆಡುತ್ತದೆ ಅನ್ನೋದು ದಿವಾನರ ನಿಲುವು. ಅವರು ಹುದ್ದೆ ಬಿಟ್ಟು ಹೊರಟರು. ಸಮಿತಿ 1919ರಲ್ಲಿ ವರದಿ ಕೊಟ್ಟಿತು: ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದೆ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕು. ನೂರು ವರ್ಷ ದಾಟಿದರೂ ದಕ್ಷತೆ, ಮೆರಿಟ್ಟು ಅನ್ನೋ ಮಾತು ಬದಲಾಗಿಲ್ಲ. ಮೈಸೂರಿಗೆ ಹೋದ ಮೊದಲ ವಾರವೇ ನಿಮ್ಮ ಕಿವಿಗೂ ಬೀಳುತ್ತದೆ. ಬಿದ್ದಾಗ ತಲೆ ತಗ್ಗಿಸಬೇಡಿ, ಪುಣೆಗೆ ಹೋದ ಹುಡುಗನ ಕತೆಯನ್ನು ಹಾರಿಸಿದ ಪುಟವನ್ನೂ ಸೇರಿಸಿ ಹೇಳಿ.

ಈಗ ಆ ಹಳೇ ವಿಶ್ವವಿದ್ಯಾಲಯದ ಮಾತು. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಶುರುವಾಯಿತು. ಬ್ರಿಟಿಷರ ನೇರ ಆಳ್ವಿಕೆಯ ಹೊರಗೆ, ಒಂದು ಸಂಸ್ಥಾನದಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾಲಯ ಅದು. ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಅದರ ಎರಡು ಕಂಬ. ಜ್ಞಾನಕ್ಕೆ ಸಮ ಯಾವುದೂ ಇಲ್ಲ ಅನ್ನೋ ಅರ್ಥದ ಸಂಸ್ಕೃತದ ಮಾತು ಅದರ ಲಾಂಛನದಲ್ಲಿದೆ. ಆ ಭಾಷೆಯನ್ನು ಕಿವಿಯಲ್ಲಿ ಕೇಳೋದಕ್ಕೂ ನಮ್ಮ ತಾತಂದಿರನ್ನು ಬಿಡದ ನಾಡು ಇದು.

ಅದೇ 1916ರ ಮೇ 9ರಂದು, ಅಂದರೆ ಎರಡೂವರೆ ತಿಂಗಳ ಹಿಂದೆ, ಸಮುದ್ರದಾಚೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇಪ್ಪತ್ತೈದು ವರ್ಷದ ನಮ್ಮ ಹುಡುಗನೊಬ್ಬ ಭಾರತದ ಜಾತಿಗಳು ಹೇಗೆ ಹುಟ್ಟಿದವು ಅಂತ ಪ್ರಬಂಧ ಓದುತ್ತಿದ್ದ. ಅವರೇ ಬಾಬಾಸಾಹೇಬರು. ಅವರು 1913ರಲ್ಲಿ ಅಲ್ಲಿಗೆ ಹೋದದ್ದೂ ಬರೋಡಾ ಮಹಾರಾಜರ ಸ್ಕಾಲರ್‌ಶಿಪ್ಪಿನಿಂದ. ಓದು ಮುಗಿದ ಮೇಲೆ ಹತ್ತು ವರ್ಷ ಬರೋಡಾದಲ್ಲಿ ಕೆಲಸ ಮಾಡಬೇಕು ಅನ್ನೋ ಷರತ್ತಿತ್ತು. ಸ್ಕಾಲರ್‌ಶಿಪ್ಪಿನ ಅವಧಿ ಮುಗಿದದ್ದಕ್ಕೆ ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು 1917ರಲ್ಲಿ ಬಂದರು. ಬರೋಡಾದಲ್ಲಿ ಅವರಿಗೆ ಇರೋದಕ್ಕೆ ಒಂದು ಕೋಣೆ ಸಿಗಲಿಲ್ಲ. ಕೊಲಂಬಿಯಾದ ಎಂ.ಎ. ಕೈಲಿದ್ದರೂ ತಂಗಿದ್ದ ಪಾರ್ಸಿ ಛತ್ರದಿಂದ ಹೊರಗೆ ಅಟ್ಟಿದರು. ಆದರೂ ಬಿಟ್ಟರಾ? ದುಡ್ಡು ಹೊಂದಿಸಿಕೊಂಡು 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು, ಉಳಿದದ್ದನ್ನು ಮುಗಿಸಿಕೊಂಡೇ ಬಂದರು. ಸೀಟು ಬಿಡ್ತೀನಿ ಅನ್ನೋ ತಮ್ಮ ಇದನ್ನು ನೆನಪಲ್ಲಿಡಬೇಕು.

ಇನ್ನು ಎಲ್ಲಿಗೆ ಹೋಗೋದು? ಹಳೇ ಹೆಸರು ಅಂತ ಓಡಬೇಡಿ, ಹತ್ತಿರ ಅಂತಲೂ ಬೀಳಬೇಡಿ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯವನ್ನು ಮೂರು ಮಾಡಿದಾಗ ನಮ್ಮ ಭಾಗದ ಕಾಲೇಜುಗಳು ಕೋಲಾರದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಸೇರಿದವು. ಈ ಮುದ್ದೇನಹಳ್ಳಿಯಲ್ಲೇ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಇದೆ. ಮನೆ ಹತ್ತಿರದ ಓದನ್ನು ಕೀಳು ಅನ್ನೋದು ಕೊಬ್ಬಿನ ಮಾತು. ಸಂಜೆ ಮನೆಗೆ ಬಂದು ಎಮ್ಮೆ ಹಾಲು ಕರೆದರೆ ಮಾತ್ರ ಒಲೆ ಉರಿಯೋ ಮನೆಗಳು ನಮ್ಮವು.

ಆದರೆ ತೀರ್ಮಾನ ಮಾಡುವ ಮೊದಲು ಐದು ಪ್ರಶ್ನೆ ಕೇಳಿ.

ಒಂದು, ಹಾಸ್ಟೆಲ್ಲಿನಲ್ಲಿ ಜಾಗ ಇದೆಯಾ? ಸೀಟು ಕೊಟ್ಟು ಹಾಸ್ಟೆಲ್ ಕೊಡದಿದ್ದರೆ ಎಲೆ ಹಾಕಿ ಅನ್ನ ಬಡಿಸದ ಹಾಗೆ. ಎರಡು, ನಿಮ್ಮ ವಿಷಯಕ್ಕೆ ಕಾಯಂ ಮೇಷ್ಟ್ರುಗಳು ಎಷ್ಟು ಜನ? ಬರೀ ಅತಿಥಿ ಉಪನ್ಯಾಸಕರ ಮೇಲೆ ನಡೆಯೋ ವಿಭಾಗದಲ್ಲಿ ಅವರಿಗೂ ನೆಮ್ಮದಿ ಇಲ್ಲ, ನಿಮಗೂ ಇಲ್ಲ. ಮೂರು, ಲೈಬ್ರರಿ ಎಷ್ಟು ಗಂಟೆವರೆಗೆ ತೆಗೆದಿರುತ್ತೆ? ಮನೇಲಿ ಓದೋ ಜಾಗ ಇಲ್ಲದ ನಮಗೆ ಲೈಬ್ರರಿಯೇ ಮನೆ. ನಾಲ್ಕು, ಫೀಸು ಎಷ್ಟು, ಕಟ್ಟೋ ಕೊನೇ ದಿನ ಯಾವುದು? ಐದು, ನಮ್ಮವರು ಅಲ್ಲಿ ಮೊದಲೇ ಇದಾರಾ, ಅವರು ಏನಂತಾರೆ? ಈ ಐದಕ್ಕೂ ಮೈಸೂರಿನಲ್ಲಿ ಒಳ್ಳೇ ಉತ್ತರ ಸಿಕ್ಕರೆ ಇನ್ನೂರು ಕಿಲೋಮೀಟರು ದೂರ ಅಲ್ಲ. ಕೋಲಾರದಲ್ಲಿ ಸಿಕ್ಕರೆ ಕೋಲಾರವೇ ನಿಮ್ಮ ಕೊಲಂಬಿಯಾ.

ನಾಲ್ಕನೇ ಪ್ರಶ್ನೆಯನ್ನು ಹಗುರ ಮಾಡಬೇಡಿ. 2024ರಲ್ಲಿ ಉತ್ತರ ಪ್ರದೇಶದ ದಲಿತ ಕೂಲಿಕಾರರೊಬ್ಬರ ಮಗನಿಗೆ ಧನಬಾದಿನ ಐ.ಐ.ಟಿ.ಯಲ್ಲಿ ಸೀಟು ಸಿಕ್ಕಿತು. ಕಟ್ಟಬೇಕಾದದ್ದು 17,500 ರೂಪಾಯಿ. ಊರವರ ಹತ್ತಿರ ಹೊಂದಿಸಿ ತರೋ ಹೊತ್ತಿಗೆ ಗಡುವು ಮುಗಿಯಿತು, ಸೀಟು ಹೋಯಿತು. ಆ ಹುಡುಗ ಕೋರ್ಟಿನಿಂದ ಕೋರ್ಟಿಗೆ ಅಲೆದು ಸುಪ್ರೀಂ ಕೋರ್ಟು ಮುಟ್ಟಿದ. ಸೀಟು ಕೊಡಲೇಬೇಕು ಅಂತ ಆ ವರ್ಷದ ಸೆಪ್ಟೆಂಬರ್ 30ರಂದು ಕೋರ್ಟು ಹೇಳಿತು. ಒಬ್ಬ ಗೆದ್ದ. ಸುಪ್ರೀಂ ಕೋರ್ಟಿನ ದಾರಿ ಗೊತ್ತಿಲ್ಲದ ಎಷ್ಟು ಜನ ಗಡುವು ಮುಗಿದ ದಿನವೇ ಗಾರೆ ಕೆಲಸಕ್ಕೆ ಹೋದರೋ ಅದರ ಲೆಕ್ಕ ಯಾರ ಹತ್ತಿರ ಇದೆ?

ಅದಕ್ಕೇ ಹೇಳೋದು: ನಾಡಕಚೇರಿಯ ಜಾತಿ, ಆದಾಯದ ಸರ್ಟಿಫಿಕೇಟು ಇವತ್ತೇ ತೆಗೆದು ನೋಡಿ, ಅವಧಿ ಮುಗಿದಿದೆಯಾ ಅಂತ. ಬ್ಯಾಂಕಿನ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ನೋಡಿ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಲ್ಲಿ, ಬಾಬಾಸಾಹೇಬರು ವೈಸ್‌ರಾಯ್ ಕೌನ್ಸಿಲಿನಲ್ಲಿದ್ದ ಕಾಲದಲ್ಲಿ ಬಂದದ್ದು. ಅದನ್ನು ಒಂದು ಹಳೇ ಸರ್ಟಿಫಿಕೇಟಿನ ದೆಸೆಯಿಂದ ಕಳಕೊಂಡರೆ ಯಾರಿಗೆ ನಷ್ಟ?

ವಿದೇಶದ ಕನಸು ಕಾಣೋರೂ ನಮ್ಮಲ್ಲಿದ್ದಾರೆ. ಕಾಣಿ. ಪರಿಶಿಷ್ಟರನ್ನು ಹೊರದೇಶಕ್ಕೆ ಕಳಿಸೋ ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್ಪು ಇದೆ. ಆದರೆ 2022ರಲ್ಲಿ ಅದರ ನಿಯಮ ತಿದ್ದಿ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತದ ಸಮಾಜ ಅಧ್ಯಯನ ಇವನ್ನು ಹೊರಗಿಟ್ಟರು. ಅಂದರೆ 1916ರ ಮೇ 9ರಂದು ಬಾಬಾಸಾಹೇಬರು ಓದಿದ ವಿಷಯವನ್ನು ಓದಲು ಹೋಗೋನಿಗೆ ಆ ದುಡ್ಡಿಲ್ಲ! ಮಹಾರಾಜರ ಕಾಲದಲ್ಲಿ ಇಲ್ಲದ ಬೇಲಿ ಇದು. ಇದನ್ನು ಕೇಳೋ ಕೆಲಸವೂ ನಮ್ಮದೇ.

ಈಗ ಸಂಪ್ರದಾಯದ ಮಾತು. ಹಳೇ ವಿಶ್ವವಿದ್ಯಾಲಯಕ್ಕೆ ಹೋದರೆ ಹೀಗೆ ನಿಲ್ಲಬೇಕು, ಹೀಗೆ ಮಾತಾಡಬೇಕು, ಹಿರಿಯರ ಮುಂದೆ ಹೀಗೆ ಇರಬೇಕು ಅಂತ ಹೆದರಿಸ್ತಾರೆ. ನಾವು ಕೇಳ್ತೇವೆ: ಯಾವ ಸಂಪ್ರದಾಯ, ಎಷ್ಟು ಹಳೇದು? ಕನ್ನಡ ನಾಡಿನ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಬಂದದ್ದೇ 1927ರಲ್ಲಿ. ಅಲ್ಲಿ ಓದಿದ ಮಲೆನಾಡಿನ ಶೂದ್ರ ಹುಡುಗ ಕುವೆಂಪು ಮುಂದೆ ಅದೇ ವಿಶ್ವವಿದ್ಯಾಲಯದ ಕುಲಪತಿಯಾಗಿ ಮಾನಸಗಂಗೋತ್ರಿ ಕಟ್ಟಿದರು, ಆ ಹೆಸರು ಇಟ್ಟವರೂ ಅವರೇ. ಹೊಸಬರು ಒಳಗೆ ಬಂದಾಗಲೆಲ್ಲ ಸಂಪ್ರದಾಯ ಬದಲಾಗಿದೆ. ಈಗ ನಾವು ಹೊಸಬರು.

ಇನ್ನೊಂದು ಸಂಪ್ರದಾಯವೂ ಆ ಊರಲ್ಲಿದೆ. 1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ತುಂಬಿದೆ ಅಂದರು. ಒಂದು ಮಾತಿಗೆ ರಾಜ್ಯವೆಲ್ಲ ಗಲಾಟೆ ಎದ್ದಿತು. ದಲಿತ ವಿದ್ಯಾರ್ಥಿಗಳಿಗೆ ಏಟು ಬಿದ್ದವು. ಬಸವಲಿಂಗಪ್ಪನವರು ಮಂತ್ರಿಗಿರಿ ಬಿಟ್ಟರು. ಆದರೆ ಏಟು ತಿಂದ ಹಾಸ್ಟೆಲ್ಲುಗಳ ಒಳಗಿಂದಲೇ ಕವಿಗಳು ಬಂದರು, ಸಂಘಟನೆ ಬಂತು, ಭೂಮಿಯ ಹೋರಾಟ ಬಂತು. ಅದು ನಮ್ಮ ಸಂಪ್ರದಾಯ. ಎದ್ದು ನಿಂತು ಪ್ರಶ್ನೆ ಕೇಳೋದು, ಕೇಳಿದವನ ಜೊತೆ ನಿಲ್ಲೋದು.

ಜೊತೆ ನಿಲ್ಲೋದು ಯಾಕೆ ಮುಖ್ಯ ಅಂದರೆ ಒಂಟಿಯಾದವರನ್ನು ಈ ವಿಶ್ವವಿದ್ಯಾಲಯಗಳು ತಿಂದುಹಾಕಿವೆ. 2016ರ ಜನವರಿ 17ರಂದು ಹೈದರಾಬಾದಿನಲ್ಲಿ ರೋಹಿತ್ ವೇಮುಲ ಜೀವ ಬಿಟ್ಟ. ಅವನನ್ನೂ ಗೆಳೆಯರನ್ನೂ ಹಾಸ್ಟೆಲ್ಲಿನಿಂದ ಹೊರಗೆ ಹಾಕಿದ್ದರು, ತಿಂಗಳುಗಟ್ಟಲೆ ಫೆಲೋಶಿಪ್ಪು ಬಂದಿರಲಿಲ್ಲ. ಆದ್ದರಿಂದ ಕೇಳಿ, ತಮ್ಮಂದಿರೇ, ತಂಗಿಯರೇ: ಕೋಣೆಯಲ್ಲಿ ಒಬ್ಬರೇ ಕೂತು ನೋವು ನುಂಗಬೇಡಿ. ಯಾರಾದರೂ ಜಾತಿ ಎತ್ತಿ ಆಡಿದರೆ, ದಿನಾಂಕ ಹಾಕಿ ಬರೆದಿಡಿ. ಎಸ್.ಸಿ., ಎಸ್.ಟಿ. ಘಟಕಕ್ಕೆ ಬರಹದಲ್ಲಿ ದೂರು ಕೊಡಿ, ಸಹಿ ಹಾಕಿಸಿಕೊಂಡ ಪ್ರತಿ ಇಟ್ಟುಕೊಳ್ಳಿ. ಆ ರಾತ್ರಿಯೇ ನಮಗೆ ಫೋನು ಮಾಡಿ.

ಎಂ.ಎ. ಮಾಡಿ ಊರಿಗೇನು ಉಪಯೋಗ ಅಂತ ಒಬ್ಬ ಗೆಳೆಯ ಕೇಳಿದ. ಇಲ್ಲೇ ಪಕ್ಕದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿ ನೆನಪಿದೆಯಾ? 2000ದ ಮಾರ್ಚ್ 11ರಂದು ನಮ್ಮ ಏಳು ಜನರನ್ನು ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳು ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಬೂದಿ ಇತ್ತು, ಕೊಂದವರು ಮಾತ್ರ ಯಾರೂ ಇರಲಿಲ್ಲ! ನಮ್ಮೂರಿನ ಚರಿತ್ರೆ ಬರೆಯೋರು, ಕಾನೂನು ಓದೋರು, ಲೆಕ್ಕ ಇಡೋರು, ಹೆದರಿದ ಸಾಕ್ಷಿಯ ಪಕ್ಕದಲ್ಲಿ ಕೂರೋರು ನಮ್ಮಲ್ಲಿ ಹೆಚ್ಚಬೇಕು. ಓದು ಅದಕ್ಕೆ ಬೇಕು.

ಮಗಳನ್ನು ಕಳಿಸಲ್ಲ ಅನ್ನೋ ಅಮ್ಮ ಅಪ್ಪನಿಗೆ ಒಂದು ಮಾತು. ನಿಮ್ಮ ಹೆದರಿಕೆ ನಮಗೆ ಅರ್ಥ ಆಗುತ್ತೆ. ನಿಮ್ಮ ಮನೆಗೆ ನಾವೇ ಬರ್ತೀವಿ, ಮೊದಲೇ ಓದಿ ಬಂದ ಅಕ್ಕಂದಿರನ್ನು ಕರಕೊಂಡು ಬರ್ತೀವಿ. ಹಾಸ್ಟೆಲ್ ನೋಡಿ ಬನ್ನಿ, ಆಮೇಲೆ ಹೇಳಿ. ಹುಡುಗನ ಸೀಟು ಬಾಕಿ ಆದರೆ ಹುಡುಗಿಯ ಸೀಟು ಬಡ್ಡಿ ಸಮೇತ ಬಾಕಿ.

ಕೊನೆಗೆ, ಚಪ್ಪಾಳೆ ಬೇಡ, ಕೆಲಸ ಇದೆ. ಬಾಗಿಲ ಹತ್ತಿರ ಒಂದು ನೋಟ್‌ಬುಕ್ಕು ಇಟ್ಟಿದ್ದೇವೆ. ಹೆಸರು, ಊರು, ಎಲ್ಲಿ ಸೀಟು, ಫೀಸಿನ ಕೊನೇ ದಿನ, ಎಷ್ಟು ದುಡ್ಡು ಕಡಿಮೆ ಬಿದ್ದಿದೆ, ಬರೆದು ಹೋಗಿ. ನಾಚಿಕೆ ಬೇಡ. ಪಕ್ಕದಲ್ಲಿ ಒಂದು ಡಬ್ಬ ಇದೆ. ಸಂಬಳ ಬರೋರು ನೋಟು ಹಾಕಿ, ಕೂಲಿ ಮಾಡೋರು ಚಿಲ್ಲರೆ ಹಾಕಿ. ಕೊನೇ ದಿನ ಹತ್ತಿರ ಇರೋರಿಗೆ ಮೊದಲು ಕೊಡ್ತೀವಿ. ಇವತ್ತು ತಗೊಂಡವರು ದುಡಿಯೋ ಕಾಲಕ್ಕೆ ಮುಂದಿನವರಿಗೆ ಹಾಕಬೇಕು. ಈ ಭಾಗದ ಒಂದು ಸೀಟೂ ದುಡ್ಡಿಲ್ಲದೆ ಖಾಲಿ ಉಳಿಯಬಾರದು.

ಹೊರಡಿ. ಎದೆ ಎತ್ತಿ ಹೋಗಿ. ಓದಿ ಬನ್ನಿ.

ಜೈಭೀಮ್.